ಫ್ಲಶ್ ಟ್ಯಾಂಕಿನ ನೀಲಿ, ರಾತ್ರಿ ಎರಡು ಗಂಟೆಯ ಪ್ರಶ್ನೆಗಳು

ಬಿಡದಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನನಗೆ ಹತ್ತೊಂಬತ್ತು ವರ್ಷ ಸರ್ವಿಸ್ ಆಗಿದೆ. ಕೆಟ್ಟ ತುಣುಕೊಂದು ಕೈಗೆ ಬಂದರೆ ‘ಇದು ಏಕೆ ಹೀಗಾಯಿತು’ ಎಂದು ಕೇಳುವುದು, ಬಂದ ಉತ್ತರಕ್ಕೂ ‘ಅದು ಏಕೆ’ ಎನ್ನುವುದು, ಹೀಗೆ ಐದು ಸಲ ಕೆಳಗೆ ಇಳಿಯುವುದು ನನ್ನ ಕೆಲಸ. ಇಷ್ಟು ಮಾಡಿದ್ದಕ್ಕೆ ತಿಂಗಳ ಕೊನೆಗೆ ಸಂಬಳ ಎಣಿಸುತ್ತಿದ್ದವನಿಗೆ ಇದನ್ನೇ ಮನೆಯಲ್ಲೂ ಮಾಡಬಹುದು ಎಂದು ಹೊಳೆಯಲು ಹನ್ನೆರಡು ವರ್ಷ ಹಿಡಿಯಿತು. ಅದನ್ನು ಎಲ್ಲಿ ಮಾಡಬಾರದು ಎಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾದವು.

ಪದ್ಧತಿಯ ಮೂಲ ಜಪಾನಿನದು. ದಾರ ಕಡಿದರೆ ತಾನಾಗಿಯೇ ನಿಲ್ಲುವ ಮಗ್ಗ ಮಾಡಿದ ಸಕಿಚಿ ಟೊಯೊಡ ಅವರ ಹೆಸರಿಗೆ ಇದು ಅಂಟಿಕೊಂಡಿದೆ; ಕಾರ್ಖಾನೆಯ ನೆಲದ ಮೇಲೆ ಇದನ್ನು ಊರಿದವರು ಟೊಯೊಟಾದ ತೈಚಿ ಓನೊ. ಯಂತ್ರ ನಿಂತಿತು ಎಂಬ ಅವರ ಉದಾಹರಣೆಯನ್ನು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರಿಗೆಲ್ಲ ಹೇಳಿಕೊಡುತ್ತೇವೆ. ಏಕೆ ನಿಂತಿತು? ಭಾರ ಹೆಚ್ಚಾಗಿ ಫ್ಯೂಸ್ ಹೋಯಿತು. ಭಾರ ಏಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ? ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಏಕೆ? ಅದರ ದಂಡ ಸವೆದಿತ್ತು. ಏಕೆ? ಜರಡಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿತ್ತು. ಮೊದಲ ಉತ್ತರಕ್ಕೇ ನಿಂತವನು ಫ್ಯೂಸ್ ಹಾಕಿ ಮನೆಗೆ ಹೋಗುತ್ತಾನೆ, ಮುಂದಿನ ವಾರ ಮತ್ತೆ ಫ್ಯೂಸ್ ಹಾಕುತ್ತಾನೆ. ಐದು ಎಂಬುದೇನೂ ಮಂತ್ರಸಂಖ್ಯೆಯಲ್ಲ; ಮೂರಕ್ಕೆ ಸಿಗುವುದೂ ಉಂಟು, ಏಳಾಗುವುದೂ ಉಂಟು.

ನಮ್ಮ ಮನೆಯ ಫ್ಯೂಸ್ ಎಂದರೆ ಬೆಳಗಿನ ಜಗಳ. ಕೆಂಗೇರಿಯಿಂದ ಕಂಪನಿಯ ಬಸ್ಸು 6.40ಕ್ಕೆ. ವಾರಕ್ಕೆ ಎರಡು ದಿನವಾದರೂ ಅದು ತಪ್ಪುತ್ತಿತ್ತು. ಏಕೆ? ಮನೆ ಬಿಡುವುದು ತಡ. ಏಕೆ? ಊಟದ ಡಬ್ಬಿ ಆಗಿರುವುದಿಲ್ಲ. ಏಕೆ? ಹೆಂಡತಿಗೆ ನಿಧಾನ. ನನ್ನ ತನಿಖೆ ತಿಂಗಳುಗಟ್ಟಲೆ ಅಲ್ಲಿಗೇ ಮುಗಿದಿತ್ತು. ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದೆ, ಹೇಳಿದ್ದರ ಫಲ ಉಂಡೂ ಇದ್ದೆ. ಕಾರ್ಖಾನೆಯಲ್ಲಿ ಯಾರಾದರೂ ಕಾರಣದ ಅಂಕಣದಲ್ಲಿ ‘ಆಪರೇಟರನ ಅಜಾಗರೂಕತೆ’ ಎಂದು ಬರೆದರೆ ಆ ಹಾಳೆಯನ್ನು ವಾಪಸು ಕೊಡುವವನು ನಾನೇ. ಮನುಷ್ಯನ ಹೆಸರು ಬಂದಲ್ಲಿ ವಿಚಾರಣೆ ನಿಲ್ಲಬಾರದು, ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕು ಎಂಬುದು ನಮ್ಮ ಮೊದಲ ಪಾಠ. ಒಂದು ದಿನ ನಾಚಿಕೆಯಾಯಿತು. ಐದೂವರೆಗೆ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಅವಳು ನನಗಿಂತ ಮೊದಲೇ ಎದ್ದಿದ್ದಳು. ನಲ್ಲಿ ತಿರುಗಿಸಿದಳು, ಗಾಳಿ ಬುಸ್ಸೆಂದಿತು. ಮೋಟಾರ್ ಹಾಕಿ ನೀರು ಮೇಲೇರಲು ಕಾದಳು. ಅಕ್ಕಿ ತೊಳೆಯುವ ಹೊತ್ತಿಗೆ ಇಪ್ಪತ್ತೈದು ನಿಮಿಷ ಹೋಗಿತ್ತು. ರಾತ್ರಿ ಹತ್ತಕ್ಕೆ ಅರ್ಧಕ್ಕಿಂತ ಹೆಚ್ಚು ತುಂಬಿದ್ದ ಐನೂರು ಲೀಟರಿನ ಟ್ಯಾಂಕು ಬೆಳಗಾಗುವಾಗ ಖಾಲಿ ಏಕೆ? ಎಲ್ಲ ನಲ್ಲಿಗಳನ್ನೂ ಮುಟ್ಟಿ ನೋಡಿದೆ. ಎಲ್ಲೂ ಹನಿ ಇಲ್ಲ, ಗೋಡೆಯಲ್ಲಿ ತೇವ ಇಲ್ಲ. ಉಳಿದದ್ದು ನೆಂಟರು ಬಂದಾಗ ಮಾತ್ರ ಬಳಸುವ ಮಹಡಿಯ ಬಚ್ಚಲು. ಅದರ ಫ್ಲಶ್ ಟ್ಯಾಂಕಿಗೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು, ಫ್ಲಶ್ ಮಾಡದೆ ಬಾಗಿಲು ಹಾಕಿಕೊಂಡು ಬಂದೆ. ಅರ್ಧ ಗಂಟೆಯ ನಂತರ ಹೋಗಿ ನೋಡಿದರೆ ಕಮೋಡಿನ ಬಿಳಿಯ ಮೇಲೆ ತೆಳುವಾದ ನೀಲಿ ಗೆರೆ, ಸದ್ದಿಲ್ಲದೆ ಇಳಿಯುತ್ತಿದೆ. ಒಳಗಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕೆ ಅರವತ್ತು ರೂಪಾಯಿ. ದಿನ ಬಿಟ್ಟು ದಿನ ಕಾವೇರಿ ನೀರಿಗಾಗಿ ಸಂಪಿನ ಮುಚ್ಚಳ ತೆಗೆದು ಇಣುಕುವ ಮನೆಯಲ್ಲಿ, ಇಡೀ ರಾತ್ರಿ ನೀರು ಹೀಗೆ ಹೋಗುತ್ತಿತ್ತು. ಹೆಂಡತಿಯ ನಿಧಾನದ ಬಗ್ಗೆ ನಾನು ಆಡಿದ್ದ ಮಾತುಗಳ ಲೆಕ್ಕ ಬೇರೆಯೇ ಇದೆ.

ಇಷ್ಟು ಗೆದ್ದ ಮೇಲೆ ನನಗೆ ಮದ ಏರಿತು. ಸಾರಿಗೆ ಉಪ್ಪು ಹೆಚ್ಚಾದರೆ ಏಕೆ, ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆಯಾದರೆ ಏಕೆ, ಅದು ಏಕೆ, ಮತ್ತೆ ಅದು ಏಕೆ. ಮೂರನೆಯ ‘ಏಕೆ’ಗೆ ಹೆಂಡತಿ ಸೌಟು ಕೆಳಗಿಟ್ಟು, “ಇದು ಮನೆಯೋ ಪೊಲೀಸ್ ಠಾಣೆಯೋ?” ಎಂದಳು. ಅವಳು ಹೇಳಿದ್ದು ಸರಿ. ‘ಏಕೆ’ ಎನ್ನುವುದನ್ನು ಬೇರಿಂಗ್ ಕೇಳಿಸಿಕೊಳ್ಳುತ್ತದೆ. ಮನುಷ್ಯರಿಗೆ ಅದು ಆಪಾದನೆಯಾಗಿಯೇ ಕೇಳಿಸುತ್ತದೆ. ಕೇಳಿಸಿಕೊಳ್ಳುವವನು ನಾನೇ ಆದರೂ ಅಷ್ಟೇ ಎಂಬುದು ಗೊತ್ತಾಗಿದ್ದು ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟುಹೋದ ವರ್ಷ.

ಆಗ ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು. ಬಡ್ತಿ ಏಕೆ ಸಿಗಲಿಲ್ಲ? ಮೇಲಿನವರಿಗೆ ನಾನು ಬೇಕಾಗಿಲ್ಲ. ಏಕೆ? ಮಾತು ಬರುವುದಿಲ್ಲ. ಏಕೆ? ಇಂಗ್ಲಿಷಿನಲ್ಲಿ ತಡವರಿಸುತ್ತೇನೆ. ಏಕೆ? ಅಂಜುಬುರುಕ. ಏಕೆ? ಹುಟ್ಟಿದ್ದೇ ಹೀಗೆ. ಐದು ಮೆಟ್ಟಿಲು ಇಳಿದು ಪಾಳು ಬಾವಿಯ ತಳ ಸೇರಿದ್ದೆ, ಜರಡಿಯಂಥದ್ದು ಏನೂ ಕೈಗೆ ಸಿಕ್ಕಿರಲಿಲ್ಲ. ಇದರಲ್ಲಿ ಒಂದು ಉತ್ತರವನ್ನಾದರೂ ನಾನು ಸ್ಥಳಕ್ಕೆ ಹೋಗಿ ನೋಡಿದ್ದೆನೇ? ಮೇಲಧಿಕಾರಿಯನ್ನು ಕೇಳಿದ್ದೆನೇ? ಎಲ್ಲವೂ ಹಾಸಿಗೆಯಲ್ಲಿ ಬಿದ್ದುಕೊಂಡೇ ಬರೆದ ವರದಿ. ಇಂಥದ್ದನ್ನು ಕಿರಿಯನೊಬ್ಬ ನನ್ನ ಮೇಜಿಗೆ ತಂದಿದ್ದರೆ ಹರಿದು ಹಾಕುತ್ತಿದ್ದೆ. ‘ನನಗೇ ಏಕೆ ಹೀಗೆ’ ಎಂಬುದು ನೋಡಲು ಪ್ರಶ್ನೆಯ ಹಾಗಿದ್ದರೂ ಅದು ಅಳು.

ಅಂದಿನಿಂದ ನನ್ನ ಮೇಲೆ ‘ಏಕೆ’ ಪ್ರಯೋಗ ನಿಲ್ಲಿಸಿದೆ. ಬದಲಿಗೆ ಹಾಲಿನ ಲೆಕ್ಕದ ಹಳೆಯ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟುಕೊಂಡೆ. ಎಚ್ಚರವಾದರೆ ಮೂರು ‘ಏನು’ ಬರೆಯುತ್ತೇನೆ. ನನಗೆ ಗೊತ್ತಿರುವುದು ಏನು? ನಾನು ಊಹಿಸಿಕೊಂಡಿರುವುದು ಏನು? ನಾಳೆ ಹತ್ತು ಗಂಟೆಯೊಳಗೆ ಮಾಡಬಹುದಾದದ್ದು ಏನು? ಮನಸ್ಸಿನಲ್ಲಿ ಕೇಳಿಕೊಂಡರೆ ಸಾಲದು, ಬರೆಯಬೇಕು; ತಲೆಯೊಳಗೆ ಊಹೆಯೂ ಗೊತ್ತಿರುವುದೂ ಒಂದೇ ಅಂಗಿ ತೊಟ್ಟು ಓಡಾಡುತ್ತವೆ.

2023ರ ಒಂದು ಪುಟವನ್ನು ಹಾಗೆಯೇ ಹೇಳುತ್ತೇನೆ. ಮನೆ ಸಾಲದ ಹೊಸ ಪಟ್ಟಿ ಬಂದಿತ್ತು. ಕಂತು ಬದಲಾಗಿರಲಿಲ್ಲ, 16,837 ರೂಪಾಯಿಯೇ. ಆದರೆ ಬಾಕಿ ಕಂತುಗಳು 238. ಹಳೆಯ ಬಡ್ಡಿಯೇ ಇದ್ದಿದ್ದರೆ 168 ಇರಬೇಕಿತ್ತು. ನನಗೆ ಆಗ ನಲವತ್ತಾರು ವರ್ಷ. ಅರವತ್ತಾರರವರೆಗೆ ಸಾಲ, ಅಷ್ಟರಲ್ಲಿ ನಿವೃತ್ತಿ, ಮಗಳ ಓದು, ಮನೆ ಹರಾಜು. ಎರಡು ಗಂಟೆಯ ಹೊತ್ತಿಗೆ ಹರಾಜಿನ ಡೋಲು ಕೇಳಿಸುತ್ತಿತ್ತು. ಪುಸ್ತಕ ತೆಗೆದೆ.

ಗೊತ್ತಿರುವುದು: ಸುಮಾರು 18 ಲಕ್ಷ ಬಾಕಿ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಬಡ್ಡಿ, ಶೇ. 4ರಿಂದ 6.5ಕ್ಕೆ ಏರಿದೆ, ನನ್ನ ಬಡ್ಡಿಯೂ ಅದರ ಬೆನ್ನು ಹಿಡಿದು 7ರಿಂದ 9.5 ಆಗಿದೆ. ಕಂತು ಏರಿಸದೆ ಅವಧಿ ಎಳೆದಿದ್ದಾರೆ. ಊಹೆ: ಹರಾಜು, ಇದನ್ನು ಬದಲಿಸಲು ಬರುವುದಿಲ್ಲ ಎಂಬುದು, ಬ್ಯಾಂಕಿನವರು ನನ್ನನ್ನೇ ಆರಿಸಿ ಹಿಡಿದಿದ್ದಾರೆ ಎಂಬುದು. (ಈ ಕೊನೆಯದನ್ನು ಬರೆದ ಮೇಲೆ ನಗು ಬಂತು.) ನಾಳೆ ಹತ್ತರೊಳಗೆ: 168 ಕಂತಿನಲ್ಲೇ ಮುಗಿಸಬೇಕಾದರೆ ತಿಂಗಳಿಗೆ ಎಷ್ಟು ಎಂದು ಲೆಕ್ಕ ಹಾಕುವುದು.

ಬಸ್ಸಿನಲ್ಲಿ ಮೊಬೈಲಿನಲ್ಲೇ ಲೆಕ್ಕ ಹಾಕಿದೆ. 19,411. ಅಂದರೆ ತಿಂಗಳಿಗೆ ಇನ್ನು 2,574 ರೂಪಾಯಿ. ಅದು ಸಣ್ಣ ಮೊತ್ತವೇನಲ್ಲ, ನಮ್ಮ ಮನೆಯಲ್ಲಿ ಚೀಟಿಯ ಕಂತು ನಿಲ್ಲಿಸಬೇಕಾಯಿತು. ಆದರೆ ಇಪ್ಪತ್ತು ವರ್ಷದ ಭೂತಕ್ಕೆ ಹೋಲಿಸಿದರೆ 2,574 ಎಂಬುದು ಎದುರು ಕುಳಿತು ಮಾತನಾಡಬಲ್ಲ ಆಸಾಮಿ. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಸೂಚಿಸಿದ್ದು ಆಮೇಲೆ ಪತ್ರಿಕೆಯಲ್ಲಿ ಕಣ್ಣಿಗೆ ಬಿತ್ತು. ವರ್ಷದ ಕೊನೆಗೆ ಅರ್ಜಿ ಬರೆದುಕೊಟ್ಟು ಬಂದೆ.

ಬಡ್ತಿಯ ವಿಷಯಕ್ಕೂ ಒಂದು ಪುಟ ಬರೆದೆ. ‘ಗೊತ್ತಿರುವುದು’ ಅಂಕಣದಲ್ಲಿ ಒಂದೇ ಸಾಲು ಬಂತು: ಪಟ್ಟಿಯಲ್ಲಿ ಹೆಸರಿಲ್ಲ. ಊಹೆ ಮಾತ್ರ ಹನ್ನೊಂದು ಸಾಲು. ಮರುದಿನ ಮೇಲಧಿಕಾರಿಯನ್ನು ಕೇಳಿದೆ. ಕಡ್ಡಾಯವಾಗಿದ್ದ ಗುಣಮಟ್ಟದ ಆಂತರಿಕ ಆಡಿಟರ್ ತರಬೇತಿಯನ್ನು ನಾನು ಎರಡು ವರ್ಷ ಮುಂದೂಡಿದ್ದೆ. ಇಂಗ್ಲಿಷಿನ ಸುದ್ದಿಯೇ ಬರಲಿಲ್ಲ.

ಎಲ್ಲಕ್ಕೂ ಈ ಪುಸ್ತಕ ಸಾಲುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಪಾಳಿಯ ಸಹೋದ್ಯೋಗಿಯೊಬ್ಬ ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ ಸೊರಗಿದಾಗ ನನ್ನ ಮೂರು ಪ್ರಶ್ನೆಗಳನ್ನು ದೊಡ್ಡ ವೈದ್ಯನ ಹಾಗೆ ಅವನ ಮುಂದಿಟ್ಟೆ. ಅವನು ಪುಸ್ತಕವನ್ನು ನೋಡಿ ಸುಮ್ಮನೆ ಮಡಚಿ ಕೊಟ್ಟ. ಅವನಿಗೆ ಬೇಕಿದ್ದದ್ದು ಬೇರೆ. ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಅಲ್ಲಿಂದ ವೈದ್ಯರ ಬಳಿಗೆ ಹೋದ. ಈಗ ಕ್ಯಾಂಟೀನಿನಲ್ಲಿ ಎರಡನೆಯ ಮುದ್ದೆ ಕೇಳುತ್ತಾನೆ.

ಪುಸ್ತಕದಲ್ಲಿ ಮುಂದೆ ಸಾಗದ ಪುಟ ಒಂದಿದೆ. ಊರಿನ ಮುಕ್ಕಾಲು ಎಕರೆಯ ವಿಷಯಕ್ಕೆ ತಮ್ಮನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಗೊತ್ತಿರುವುದು: ಅವನ ನಂಬರು ಬದಲಾಗಿಲ್ಲ. ಊಹೆ: ಅವನು ಫೋನ್ ಎತ್ತುವುದಿಲ್ಲ. ನಾಳೆ ಹತ್ತರೊಳಗೆ: ಕರೆ ಮಾಡುವುದು. ಅದೇ ಸಾಲನ್ನು ಮೂರು ಸಲ ಬರೆದಿದ್ದೇನೆ, ಮೂರು ಬೇರೆ ಬೇರೆ ತಾರೀಕು ಹಾಕಿ. ಕೊನೆಯದು ಹೋದ ಗುರುವಾರದ್ದು.