ನಾಗರ ಪಂಚಮಿಯಿಂದ ಪಂಚಭುಜಾಕೃತಿಗೆ

ಚಿತ್ರದುರ್ಗ ಜಿಲ್ಲೆ, ಚಳ್ಳಕೆರೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನಾನು ಗಣಿತ ಮೇಷ್ಟ್ರು. ಮೊದಲೆಲ್ಲ ಬಹುಭುಜಾಕೃತಿ ಪಾಠ ಬಂದರೆ ಬೋರ್ಡ್ ಮೇಲೆ ಹೆಸರು ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಪರೀಕ್ಷೆ ಬಂದರೆ ಆರಕ್ಕೂ ಏಳಕ್ಕೂ ಅದಲುಬದಲು. ತಪ್ಪು ನನ್ನದೇ. ಆ ಹೆಸರುಗಳನ್ನು ನೇತುಹಾಕೋಕೆ ಮಕ್ಕಳ ತಲೆಯಲ್ಲಿ ನಾನು ಒಂದು ಗೂಟವನ್ನೂ ಹೊಡೆದಿರಲಿಲ್ಲ.

ಈ ಸಲ ಹಬ್ಬದಿಂದ ಶುರು ಮಾಡಿದೆ. ಗಣೇಶ ಚೌತಿ ಅಂದರೆ ಚತುರ್ಥಿ, ನಾಲ್ಕು. ನಾಗರ ಪಂಚಮಿ ಐದು, ರಥಸಪ್ತಮಿ ಏಳು, ಗೋಕುಲಾಷ್ಟಮಿ ಎಂಟು, ರಾಮನವಮಿ ಒಂಬತ್ತು, ವಿಜಯದಶಮಿ ಹತ್ತು. ಆರಕ್ಕೆ ಕನ್ನಡ ಪಾಠದ ಷಟ್ಪದಿ ಇದೆಯಲ್ಲ, ಆರು ಸಾಲಿನದು. ಮುಂದಿನದನ್ನು ಅವರೇ ಕೂಗಿದರು: ಸಪ್ತಭುಜ, ಅಷ್ಟಭುಜ!

ಆಮೇಲೆ ಬೋರ್ಡ್ ಮೇಲೆ ದಪ್ಪ ಬಾಣದ ಗುರುತು ಬರೆದೆ. "ಇದಕ್ಕೆ ಹೆಸರಿಲ್ಲ ಸಾರ್, ಇದು ಬಾಣ" ಅಂದರು. ಬಾಹು, ಅಂದರೆ ಸುತ್ತಲಿನ ಗೆರೆ, ಎಣಿಸಿ ಅಂದೆ. ಏಳು! ಪುಸ್ತಕದಲ್ಲಿ ಎಲ್ಲ ಬಾಹು ಸಮ ಇರೋ ಚಿತ್ರವನ್ನೇ ನೋಡಿ ನೋಡಿ, ಒಳಗೆ ತಗ್ಗಿದ್ದರೂ ಅದು ಸಪ್ತಭುಜಾಕೃತಿಯೇ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಬಹುಭುಜಾಕೃತಿ ಅಂದರೆ ನೇರ ಗೆರೆಗಳಿಂದ ಸುತ್ತ ಮುಚ್ಚಿರಬೇಕು, ಕನಿಷ್ಠ ಮೂರು ಬಾಹು ಇರಬೇಕು, ಅಷ್ಟೇ. ಬಳೆ ಮುಚ್ಚಿದೆ, ಆದರೆ ನೇರ ಗೆರೆ ಇಲ್ಲ, ಹಾಗಾಗಿ ಅದು ಅಲ್ಲ.

ಶೃಂಗಗಳ, ಅಂದರೆ ಮೂಲೆಗಳ, ಅಕ್ಷರಗಳನ್ನು ಸಾಲಾಗಿ ಬರೆದು ಆಕೃತಿಗೆ ಹೆಸರಿಡೋದು ಮಾತ್ರ ಕಷ್ಟದ ಜಾಗ. ಅದಕ್ಕೆ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ನಮ್ಮ ಸೀಮೆಯಲ್ಲಿ ಶೇಂಗಾ ಚೀಲ ಹೊಲಿಯೋ ಹುರಿಗೆ ಬರವೇ? ಐದು ಮಕ್ಕಳು ಸುತ್ತ ನಿಂತರು: ಎ, ಬಿ, ಸಿ, ಡಿ, ಇ. ಹೆಸರು ಕರೆದ ಹಾಗೆ ಹುರಿ ಕೈಯಿಂದ ಕೈಗೆ ಹೋಗಬೇಕು, ಕೊನೆಗೆ ಮೊದಲಿನವರ ಕೈಗೇ ಬರಬೇಕು. ಎ ಬಿ ಸಿ ಡಿ ಇ ಅಂದಾಗ ಚಂದದ ಪಂಚಭುಜ ಆಯಿತು. ಎ ಸಿ ಬಿ ಡಿ ಇ ಅಂತ ಕರೆದೆ ನೋಡಿ, ಹುರಿ ನಡುವೆ ಒಂದರ ಮೇಲೊಂದು ಹಾದು ಗೋಜಲಾಯಿತು. "ಸಾರ್, ಪಕ್ಕದವರನ್ನೇ ಕರೀಬೇಕು" ಅಂತ ಒಬ್ಬಳು ಅಂದಳು. ನಾನು ಹೇಳಬೇಕಿದ್ದ ನಿಯಮವನ್ನು ಅವಳೇ ಹೇಳಿಬಿಟ್ಟಳು.

ಯಾರಿಂದ ಬೇಕಾದರೂ ಶುರು ಮಾಡಬಹುದಾ, ಹಿಂದುಮುಂದಾಗಿ ಹೋಗಬಹುದಾ ಅಂತ ಕೇಳಿದರು. ಹೋಗಿ ನೋಡಿ ಅಂದೆ. ಐದು ಶುರು, ಎರಡು ದಿಕ್ಕು, ಒಂದೇ ಆಕೃತಿಗೆ 10 ಹೆಸರು. ಗಂಟೆ ಹೊಡೆದರೂ ಯಾರೂ ಕದಲಲಿಲ್ಲ, ಆರನೆಯವನನ್ನು ಎಳೆದು ನಿಲ್ಲಿಸಿಕೊಂಡು 12 ಹೆಸರು ಎಣಿಸುತ್ತಿದ್ದರು.