ತುಕ್ಕು ಹಿಡಿದ ಬೆಂಡ್ ಪೈಪ್‌ಗೆ ಮನೆಯಲ್ಲೇ ಬಣ್ಣ

ಕರಾವಳಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ಇದು ಗೊತ್ತು. ಟ್ಯಾಂಕು ಹೊಸದರ ಹಾಗೇ ಹೊಳೆಯುತ್ತಿರುತ್ತದೆ. ಬಗ್ಗಿ ನೋಡಿದರೆ ಎಂಜಿನ್ನಿನಿಂದ ಕೆಳಗಿಳಿದು ಸೈಲೆನ್ಸರ್‌ಗೆ ಹೊಗೆ ಒಯ್ಯುವ ಬೆಂಡ್ ಪೈಪ್ ಕೆಂಪಗಾಗಿರುತ್ತದೆ. ಬೆರಳು ತಾಗಿಸಿದರೆ ಚಕ್ಕೆ ಉದುರುತ್ತದೆ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಮುಂದಿನ ಚಕ್ರ ಎರಚುವ ಕೆಸರು. ದಿನಾ ಕಾದು ಆರುವ ಕಬ್ಬಿಣಕ್ಕೆ ಇಷ್ಟು ಸಾಕು.

ಪೈಪ್ ಗಟ್ಟಿ ಇದ್ದರೆ ಹೊಸದು ಹಾಕಿಸಬೇಕಾಗಿಲ್ಲ. ಒಂದು ದಿನ ಬಿಡುವು ಮಾಡಿಕೊಂಡರೆ ಮನೆಯಂಗಳದಲ್ಲೇ ಬಣ್ಣ ಹೊಡೆಯಬಹುದು. ಕಾರಿನಲ್ಲಿ ಎಂಜಿನ್ನಿನ ಹೊಗೆಯನ್ನು ಒಟ್ಟು ಸೇರಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೂ ಕ್ರಮ ಇದೇ, ಬಿಚ್ಚುವ ಕಷ್ಟ ಜಾಸ್ತಿ ಅಷ್ಟೆ.

ಮೊದಲು ಪೈಪನ್ನು ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಬನ್ನಿ. ಟಣ್ ಅಂದರೆ ಒಳ್ಳೆಯದು. ಸದ್ದು ಮಂಕಾದ ಕಡೆ, ತಟ್ಟಿದಾಗ ತಗ್ಗಿದ ಕಡೆ ತುಕ್ಕು ಒಳಗಿನಿಂದ ತಿಂದಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿಸಿದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ದಿನಾ ಅಂಗಡಿಗೆ ಹೋಗಿ ಬರುವ ಬೈಕಿನಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ. ಹಾಗೆ ತೂತು ಬಿದ್ದ ಪೈಪ್‌ಗೆ ವೆಲ್ಡಿಂಗ್ ಬೇಕು, ಇಲ್ಲವೇ ಹೊಸ ಪೈಪ್ ಬೇಕು. ಬಣ್ಣದಿಂದ ಏನೂ ಆಗದು.

ಬಿಚ್ಚುವ ಹಿಂದಿನ ರಾತ್ರಿ, ಎಂಜಿನ್ ತಣ್ಣಗಿರುವಾಗ, ತುಕ್ಕು ಸಡಿಲಿಸುವ ಎಣ್ಣೆಯನ್ನು ನಟ್‌ಗಳಿಗೆ ಹೊಡೆದಿಡಿ. ಬೆಳಿಗ್ಗೆ ನಟ್ ಬಿಗಿಯಾಗಿದ್ದರೆ ಒಂದೇ ಸಲ ಬಲ ಹಾಕಬೇಡಿ. ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಮತ್ತೆ ಎಣ್ಣೆ ಬಿಡಿ. ನಟ್ ಕೂರುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿದು ಎಂಜಿನ್ನಿನ ಹೆಡ್ಡಿನೊಳಗೆ ಉಳಿದರೆ ಲೇತ್ ಅಂಗಡಿಗೆ ಅಲೆಯಬೇಕಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಬೈಕ್ ಆದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಎಲ್ಲಿದೆ ನೋಡಿಕೊಳ್ಳಿ. ಅದರ ಮೇಲೆ ಬಣ್ಣವಾಗಲಿ ತಿನ್ನರ್ ಆಗಲಿ ಬೀಳಬಾರದು. ಕೈ ಪಳಗಿಲ್ಲದಿದ್ದರೆ ಇಷ್ಟನ್ನು ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿಕೊಳ್ಳಿ.

ಈಗ ನಿಜವಾದ ಕೆಲಸ. ಬಣ್ಣ ಹೊಡೆಯುವುದು ಅರ್ಧ ಗಂಟೆ, ಉಜ್ಜುವುದು ಅರ್ಧ ದಿನ.

ಮೊದಲ ಸಲ ನಾನು ಸುಮ್ನೆ ಬಟ್ಟೆಯಲ್ಲಿ ಒರೆಸಿ ತುಕ್ಕಿನ ಮೇಲೇ ಬಣ್ಣ ಹೊಡೆದಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಹದಿನೈದು ದಿನಕ್ಕೆ ಪದರ ಪದರವಾಗಿ ಎದ್ದಿತು. ಉದುರಿದ ಒಂದು ಚೂರನ್ನು ಮಗುಚಿ ನೋಡಿದೆ. ಮೇಲೆ ಅಚ್ಚ ಕಪ್ಪು, ಹಿಂಬದಿಯ ತುಂಬ ಕೆಂಪು ಪುಡಿ. ಬಣ್ಣ ತನ್ನ ಕೆಲಸ ಮಾಡಿತ್ತು, ಗಟ್ಟಿಯಾಗಿ ತುಕ್ಕನ್ನೇ ಹಿಡಿದುಕೊಂಡಿತ್ತು. ಆ ತುಕ್ಕು ಕಬ್ಬಿಣವನ್ನು ಬಿಟ್ಟಾಗ ಬಣ್ಣವೂ ಜೊತೆಗೇ ಹೋಯಿತು.

ಹಾಗಾಗಿ ತಂತಿ ಬ್ರಷ್ಷಿನಲ್ಲಿ ಚಕ್ಕೆಗಳನ್ನೆಲ್ಲ ಕೆಡವಿ. 80 ನಂಬರಿನ ಎಮರಿ ಪೇಪರ್‌ನಲ್ಲಿ ಬೂದು ಕಬ್ಬಿಣ ಕಾಣುವವರೆಗೆ ಉಜ್ಜಿ. ಪೇಪರನ್ನು ಉದ್ದಕ್ಕೆ ಕತ್ತರಿಸಿ, ಪೈಪಿಗೆ ಸುತ್ತಿ, ಮಜ್ಜಿಗೆ ಕಡೆಯುವ ಹಗ್ಗದ ಹಾಗೆ ಎರಡು ಕೈಯಲ್ಲಿ ಎಳೆದಾಡಿದರೆ ಬೇಗ ಆಗುತ್ತದೆ. ಆಮೇಲೆ 120, ಕೊನೆಗೆ 220. ಅದಕ್ಕಿಂತ ನುಣುಪು ಬೇಡ, ಬಣ್ಣಕ್ಕೆ ಹಿಡಿತ ಬೇಕಲ್ವಾ? ಡ್ರಿಲ್‌ಗೆ ತಂತಿ ಚಕ್ರ ಹಾಕಿ ಉಜ್ಜುವವರು ಕನ್ನಡಕ ಹಾಕದೆ ಶುರು ಮಾಡಲೇಬೇಡಿ. ಅದರ ತಂತಿ ಕಿತ್ತು ಸೂಜಿಯಂತೆ ಹಾರುತ್ತದೆ. ಗುಂಡಿಗಳ ತಳದಲ್ಲಿ ಕಪ್ಪು ಚುಕ್ಕಿಗಳು ಉಳಿದರೆ ಪರವಾಗಿಲ್ಲ, ಕೆಂಪು ಪುಡಿ ಉಳಿಯಬಾರದು. ಗುಂಡಿ ಮುಚ್ಚಲು ಬಾಡಿ ಪುಟ್ಟಿ ಮೆತ್ತಬೇಡಿ, ಕಾವಿಗೆ ಬಿರಿದು ಬೀಳುತ್ತದೆ.

ಆಮೇಲೆ ತಿನ್ನರ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಹಳೆಯ ಬನಿಯನ್ ಆದೀತು. ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಬದಲಿಸಿ ಬದಲಿಸಿ ಒರೆಸಬೇಕು. ಸೀಮೆಎಣ್ಣೆ, ಡೀಸೆಲ್ ಬೇಡ, ಜಿಡ್ಡು ಉಳಿಯುತ್ತದೆ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಸಾಕು ಬಣ್ಣ ಏಳಲು. ಮತ್ತೆ, ಉಜ್ಜಿದ ದಿನವೇ ಬಣ್ಣ ಹೊಡೆಯಿರಿ. ನಮ್ಮ ಕಡೆಯ ತೇವಕ್ಕೆ ಬೆತ್ತಲೆ ಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸೈಲೆನ್ಸರ್ ಪೇಂಟಿನ ಸ್ಪ್ರೇ ಡಬ್ಬಿ ಅಂತ ಕೇಳಿ, ಡಬ್ಬಿಯ ಮೇಲೆ 600 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಎಂದು ಇರುವುದನ್ನೇ ತನ್ನಿ. ಇದರಲ್ಲಿ ಅಂಟಾಗಿರುವುದು ಸಿಲಿಕೋನ್ ರಾಳ, ಅದಕ್ಕೇ ಕಾವು ತಡೆಯುತ್ತದೆ. ಗೇಟಿಗೆ ಹೊಡೆಯುವ ಎನಾಮೆಲ್, ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಎರಡೂ ಇಲ್ಲಿ ಸುಟ್ಟುಹೋಗುತ್ತವೆ. ಡಬ್ಬಿಯಲ್ಲಿ ಪ್ರೈಮರ್ ಬೇಕು ಎಂದು ಹೇಳದಿದ್ದರೆ ನೇರ ಕಬ್ಬಿಣಕ್ಕೇ ಹೊಡೆಯಿರಿ.

ಒಣ ಬಿಸಿಲಿನ ಮಧ್ಯಾಹ್ನ, ಗಾಳಿಯಾಡುವ ಕಡೆ ಪೈಪನ್ನು ತಂತಿಯಲ್ಲಿ ನೇತುಹಾಕಿ. ಎರಡು ತುದಿಗೂ ಕಾಗದ ತುರುಕಿ. ಡಬ್ಬಿಯೊಳಗಿನ ಗುಂಡು ಟಕಟಕ ಅನ್ನತೊಡಗಿದ ಮೇಲೂ ಎರಡು ನಿಮಿಷ ಕುಲುಕಿ. 20–25 ಸೆಂಟಿಮೀಟರ್ ದೂರದಿಂದ, ಕೈ ಎಲ್ಲೂ ನಿಲ್ಲಿಸದೆ, ತೆಳ್ಳಗೆ ಹೊಡೆಯಿರಿ. ಮೊದಲ ಕೋಟ್‌ನಲ್ಲಿ ಕಬ್ಬಿಣ ಅಲ್ಲಲ್ಲಿ ಕಂಡರೆ ಹೆದರಬೇಡಿ. ಹತ್ತು ಹತ್ತು ನಿಮಿಷ ಬಿಟ್ಟು ಮೂರು ಕೋಟ್ ಸಾಕು. ದಪ್ಪಗೆ ಹೊಡೆದರೆ ಒಳಗೆ ಸಿಕ್ಕಿಬಿದ್ದ ತಿನ್ನರ್ ಕಾದು ಬೊಬ್ಬೆ ಏಳುತ್ತದೆ.

ರಾತ್ರಿಯಿಡೀ ಒಣಗಲಿ. ಆದರೂ ಉಗುರು ತಾಗಿದರೆ ಗೀರು ಬೀಳುತ್ತದೆ. ಈ ಬಣ್ಣ ಗಟ್ಟಿಯಾಗುವುದು ಬಿಸಿಲಿಗಲ್ಲ, ಕಾವಿಗೆ. ಹೊಸ ದೋಸೆ ಕಾವಲಿಯನ್ನು ತೆಳ್ಳಗೆ ಎಣ್ಣೆ ಸವರಿ, ಕಾಯಿಸಿ, ಆರಿಸಿ ಪಳಗಿಸುತ್ತೇವಲ್ಲ, ಹಾಗೆಯೇ ಇದು.

ಪೈಪ್ ಎಂಜಿನ್‌ಗೆ ಸೇರುವಲ್ಲಿ ಹೊಗೆ ಸೋರದಂತೆ ಕೂರುವ ಹಳೆಯ ರಿಂಗ್ ಗ್ಯಾಸ್ಕೆಟ್ ಎಸೆದು ಹೊಸದು ಹಾಕಿ ಪೈಪ್ ಜೋಡಿಸಿ. ಬೈಕನ್ನು ಬಯಲಿಗೆ ತನ್ನಿ. ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಐದು ನಿಮಿಷ ಸ್ಟಾರ್ಟ್‌ನಲ್ಲಿಟ್ಟು ಆಫ್ ಮಾಡಿ, ಪೂರ್ತಿ ತಣಿಯಲಿ. ಮತ್ತೆ ಹತ್ತು ನಿಮಿಷ, ಮತ್ತೆ ತಣಿಯಲಿ. ಗಾಳಿಯಿಂದ ತಣಿಯುವ ಎಂಜಿನ್ ಆದರೆ ಮುಂದೆ ಒಂದು ಫ್ಯಾನ್ ಇಡಿ, ನಿಂತಲ್ಲೇ ತುಂಬ ಹೊತ್ತು ಓಡಿಸುವುದು ಅದಕ್ಕೆ ಒಳ್ಳೆಯದಲ್ಲ. ಮೂರನೆಯ ಸಲ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ಬನ್ನಿ. ಸ್ವಲ್ಪ ಹೊಗೆ, ಘಾಟು ಬರುವುದು ಸಹಜ.

ಬಿಸಿ ಪೈಪಿಗೆ ನೀರು ಹಾಕಬೇಡಿ. ಬೀಚ್ ರಸ್ತೆಯಲ್ಲಿ ಓಡಾಡಿ ಬಂದರೆ ತಣಿದ ಮೇಲೆ ಸಿಹಿನೀರಲ್ಲಿ ತೊಳೆಯಿರಿ. ಕಲ್ಲು ಸಿಡಿದು ಬಣ್ಣ ಹೋದರೆ ಅಷ್ಟೇ ಜಾಗ ಉಜ್ಜಿ, ಒರೆಸಿ, ಮತ್ತೆ ಹೊಡೆಯಬಹುದು. ಅದಕ್ಕಾಗಿ ಉಳಿದ ಬಣ್ಣ ಬೇಕಾಗುತ್ತದೆ. ಡಬ್ಬಿಯನ್ನು ತಲೆಕೆಳಗೆ ಹಿಡಿದು, ಬರಿ ಗಾಳಿ ಬರುವವರೆಗೆ ಒತ್ತಿ ತೆಗೆದಿಡಿ. ಮೂತಿ ಕಟ್ಟಿಕೊಳ್ಳುವುದಿಲ್ಲ.