ಬೆಳಗಾಗುತ್ತಲೇ ಚೆನ್ನೈ ಎಲ್ಲಿ ಹೋಯ್ತು?

ಮೀಡಿಯಂ ವೇವ್ ಇರುವ ಹಳೇ ರೇಡಿಯೋ ಇದ್ದರೆ ಅಟ್ಟದಿಂದ ಇಳಿಸಿ. ಸೂರ್ಯ ಹುಟ್ಟುವಾಗ ಸಿಗ್ನಲ್ ಹೇಗೆ ಬದಲಾಗುತ್ತದೆ ಅಂತ ಗಮನಿಸಲು ಅದರ ಜೊತೆ ಒಂದು ನೋಟ್‌ಬುಕ್, ಗಡಿಯಾರ ಸಾಕು. 1935ರಲ್ಲಿ ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಶುರು ಮಾಡಿದ ಊರು ನಮ್ಮ ಮೈಸೂರು. ಆದರೆ ಈ ಆಟಕ್ಕೆ ಮೈಸೂರು ನಿಲಯ ಆಗುವುದಿಲ್ಲ, ಅದು 100.6ರ ಎಫ್‌ಎಂ.

ಜನವರಿ ಒಳ್ಳೆಯ ತಿಂಗಳು. ನಿಲಯಗಳು ಆರಕ್ಕೆ ಮುಂಚೆ ಶುರುವಾಗುತ್ತವೆ, ಇಲ್ಲಿ ಸೂರ್ಯ ಬರುವುದು 6:45ರ ಸುಮಾರಿಗೆ. ಮುಕ್ಕಾಲು ಗಂಟೆ ಸಿಗುತ್ತದೆ. ಮೇ ತಿಂಗಳಲ್ಲಿ ಆರಕ್ಕೇ ಬೆಳಕು, ಏಳುವುದೇ ದಂಡ.

ಎರಡು ನಿಲಯ ಹಿಡಿಯಿರಿ: 720 ಕಿಲೋಹರ್ಟ್ಸ್‌ನಲ್ಲಿ ಚೆನ್ನೈ, 765ರಲ್ಲಿ ಧಾರವಾಡ. ನೇರ ಗೆರೆ ಎಳೆದರೆ ಎರಡೂ ಮೈಸೂರಿನಿಂದ ಸುಮಾರು 400 ಕಿ.ಮೀ. ಏರಿಯಲ್ ಎಳೆಯಬೇಡಿ, ಅದು ಎಫ್‌ಎಂಗೆ. ಮೀಡಿಯಂ ವೇವ್ ಹಿಡಿಯುವುದು ಒಳಗಿನ ಫೆರೈಟ್ ಕಡ್ಡಿ. ರೇಡಿಯೋದ ಮುಖ ಅಥವಾ ಬೆನ್ನು ನಿಲಯದ ಕಡೆಗಿದ್ದರೆ ಜೋರು, ಪಕ್ಕೆ ತಿರುಗಿದರೆ ಸಪ್ಪೆ.

ಐದು ನಿಮಿಷಕ್ಕೊಮ್ಮೆ ಎರಡನ್ನೂ ಕೇಳಿ, ಸೊನ್ನೆಯಿಂದ ಐದರವರೆಗೆ ಅಂಕ ಕೊಡಿ. ಮಾತಿನ ಜೋರು ನೋಡಿ ಅಂಕ ಕೊಟ್ಟರೆ ಮೋಸ ಹೋಗುತ್ತೀರಿ. ಸಿಗ್ನಲ್ ಇಳಿದರೆ ರೇಡಿಯೋ ತಾನೇ ದನಿ ಏರಿಸಿಕೊಳ್ಳುತ್ತದೆ. ಹಿಂದಿನ ಗೊರಗೊರ ಎಷ್ಟು ಜಾಸ್ತಿಯಾಯಿತು ಅಂತ ಕಿವಿಗೊಡಿ.

ಮೊದಲು ಸೊರಗುವುದು ಚೆನ್ನೈ. ರಾತ್ರಿ ರೇಡಿಯೋ ಅಲೆಗಳು ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರಕ್ಕೆ, ಬಡಿದು ವಾಪಸ್ ಬೀಳುತ್ತವೆ. ಬಿಸಿಲು ಬಂದರೆ ಅದರ ಕೆಳಗೆ ‘ಡಿ’ ಪದರ ಕಟ್ಟಿಕೊಳ್ಳುತ್ತದೆ, ಅಲೆಗಳನ್ನು ದಾರಿಯಲ್ಲೇ ನುಂಗುತ್ತದೆ. ಜನವರಿಯಲ್ಲಿ ಧಾರವಾಡಕ್ಕೆ ಸೂರ್ಯ ಬರುವುದು ಚೆನ್ನೈಗಿಂತ ಸುಮಾರು 25 ನಿಮಿಷ ತಡ. ಆ ದಾರಿ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ನಡುವೆ 612ರ ಬೆಂಗಳೂರನ್ನೂ ಕೇಳಿ. ಅದು ನೆಲ ಹಿಡಿದೇ ಬರುವಷ್ಟು ಹತ್ತಿರ, ಆದ್ದರಿಂದ ಬೆಳಕಾದ ಮೇಲೆ ತೂಗಾಟ ನಿಂತು ಗಟ್ಟಿಯಾಗುತ್ತದೆ.

ಮಂಡ್ಯದ ಕಡೆ ಗದ್ದೆ ಬದುವಿನಲ್ಲಿ ಕೂತರೆ ಇನ್ನೂ ಚೆನ್ನ, ಪಂಪ್‌ಸೆಟ್‌ನಿಂದ ದೂರ ಇರಿ. ಕರೆಂಟಿನ ಸಾಮಾನು ಹತ್ತಿರವಿದ್ದರೆ ರೇಡಿಯೋದಲ್ಲಿ ಗೊರಗೊರ ಎಬ್ಬಿಸುತ್ತದೆ.

ಅಮೆರಿಕದಲ್ಲಿ ಎಷ್ಟೋ ಎಎಂ (ಅಲ್ಲಿ ಮೀಡಿಯಂ ವೇವ್‌ಗೆ ಹೇಳುವ ಹೆಸರು) ನಿಲಯಗಳು ರಾತ್ರಿ ಪವರ್ ಇಳಿಸಬೇಕು, ಸೂರ್ಯೋದಯಕ್ಕೆ ಮತ್ತೆ ಏರಿಸಬಹುದು. ರಾತ್ರಿ ದೂರದ ನಿಲಯದ ಮೇಲೆ ಬಿದ್ದು ಗಲಾಟೆ ಮಾಡಬಾರದಲ್ವಾ? ಅಲ್ಲಿ ಕೇಳುವವರು ಈ ಲೆಕ್ಕ ಇಟ್ಟುಕೊಳ್ಳುತ್ತಾರೆ: ನಿಧಾನ ಬದಲಾದರೆ ಆಕಾಶದ ಕೆಲಸ, ದಿಢೀರ್ ಬದಲಾದರೆ ಟ್ರಾನ್ಸ್‌ಮಿಟರ್‌ದು.

ನನ್ನ ಪುಸ್ತಕದಲ್ಲೂ ಮೊದಲ ವಾರ ದಿನಾ ಆರೂವರೆಗೆ ಚೆನ್ನೈ ದಿಢೀರ್ ಮಾಯ. ಏನೋ ಕಂಡುಹಿಡಿದೆ ಅಂತ ಬೀಗಿದ್ದೆ. ಆಮೇಲೆ ಗೊತ್ತಾಯಿತು, ಅದು ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬ್ ಹಾಕುವ ಹೊತ್ತು.